ಮುಟ್ಟಿದ್ದಕ್ಕೊಂದು ಗುರುತು

ಕೇಳುಗರೇ, ಈಗ ನಾನು ಆಡುತ್ತಿರುವ ಮಾತು ನಿಮ್ಮನ್ನು ಮುಟ್ಟುತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಈ ಕೊಠಡಿಯ ಗೋಡೆಗಳು ದನಿಯನ್ನು ಹೀರಿಕೊಳ್ಳುತ್ತವೆ. ಎದುರಿಗೆ ತಲೆದೂಗುವ ಸಭಿಕರಿಲ್ಲ. ನಡುವೆ ಒಂದು ವಾಕ್ಯ ಕರಕರ ಸದ್ದಿನಲ್ಲಿ ಕರಗಿಹೋದರೆ, ಅದನ್ನು ಇನ್ನೊಮ್ಮೆ ಹೇಳಿ ಎಂದು ನೀವು ನನ್ನನ್ನು ಕೇಳುವಂತಿಲ್ಲ. ನಮ್ಮ ಕಾಪುವಿನ ದೀಪಸ್ತಂಭದ ಪಾಡೂ ಇದೇ. 1901ರಿಂದ ಅದು ಕಡಲಿನ ಕಡೆಗೆ ಬೆಳಕು ಚೆಲ್ಲುತ್ತಿದೆ. ಯಾವ ನಾವೆ ಕಂಡಿತು, ಯಾವುದು ಕಾಣಲಿಲ್ಲ ಎಂಬ ಲೆಕ್ಕ ಅದರ ಬಳಿ ಇಲ್ಲ.

ಆದರೆ ಇಂದು ನಮ್ಮ ಮನೆಗಳಲ್ಲಿ ಬೇರೊಂದು ಬಗೆಯ ನಿಸ್ತಂತು ವ್ಯವಹಾರ ನಡೆಯುತ್ತಿದೆ. ಎಲ್ಲೂರಿನ ನನ್ನ ಮನೆ ಹಳೆಯ ಮುರಕಲ್ಲಿನ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ವೈ-ಫೈಯ ಪೆಟ್ಟಿಗೆ ಚಾವಡಿಯಲ್ಲಿದೆ, ನಾನು ಕುಳಿತುಕೊಳ್ಳುವುದು ಒಳಕೋಣೆಯಲ್ಲಿ. ದೂರದಲ್ಲಿರುವ ಮೊಮ್ಮಗಳ ಚಿತ್ರ ಬರುವಾಗ ಫೋನಿನ ಮೇಲೆ ಒಂದು ಚಕ್ರ ತಿರುಗುತ್ತದೆ. ತುಸು ತಡವಾದರೂ ಚಿತ್ರ ಬಂದೇ ಬರುತ್ತದೆ, ಅದೂ ಒಂದು ಚುಕ್ಕಿಯೂ ಅಳಿಯದೆ. ಗೋಡೆ ನುಂಗಿದ್ದನ್ನು ಮರಳಿ ತಂದುಕೊಡುವವರು ಯಾರು? ಈ ಪ್ರಶ್ನೆಯೇ ಇಂದಿನ ನನ್ನ ಭಾಷಣದ ವಿಷಯ. ಕನ್ನಡ ಎಂ.ಎ. ಮಾಡಿದವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಅದರ ಉತ್ತರ ನಡುವೆ ತಾನಾಗಿ ಬಂದೀತು.

ಮೊದಲು ಒಂದು ಹಳೆಯ ಸಂಗತಿ. ನಾನು ಏಳನೆಯ ತರಗತಿಯಲ್ಲಿದ್ದ ಕಾಲ. ನೆರೆಮನೆಯ ಅಜ್ಜಿಯೊಬ್ಬರ ಮಗ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ತಿಂಗಳಿಗೆ ಐವತ್ತು ರೂಪಾಯಿ ಮನಿಯಾರ್ಡರು ಬರುತ್ತಿತ್ತು. ಅಂಚೆಯಣ್ಣ ಹಣ ಎಣಿಸಿಕೊಟ್ಟು, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು, ಆ ಚೀಟಿಯನ್ನು ಒಯ್ಯುತ್ತಿದ್ದ. ಚೀಟಿ ಮರಳಿ ಬೊಂಬಾಯಿಗೆ ಹೋಗಿ ಮಗನ ಕೈಸೇರಿದಾಗಲೇ ಅವನಿಗೆ ನಿದ್ದೆ. ಒಂದು ಮಳೆಗಾಲ ಆ ಚೀಟಿ ದಾರಿಯಲ್ಲೆಲ್ಲೋ ಕಳೆದುಹೋಯಿತು. ಹಣ ಮುಟ್ಟಿತ್ತು, ಮುಟ್ಟಿದ ಗುರುತು ಮುಟ್ಟಲಿಲ್ಲ. ಮಗ ಮೂರು ವಾರ ಕಾದ. ಆಮೇಲೆ ಸಾಲ ಮಾಡಿ ಮತ್ತೆ ಐವತ್ತು ಕಳಿಸಿದ. ಇತ್ತ ಅಜ್ಜಿ ಮಗನಿಗೆ ಸಂಬಳ ಹೆಚ್ಚಿತೆಂದು ಹಿಗ್ಗಿ ಕೊಟ್ಟಿಗೆಯ ಮಾಡಿಗೆ ಒಂದಿಷ್ಟು ಹೊಸ ಹಂಚು ಹಾಕಿಸಿದರು. ಸಾಲ ತೀರಿಸುವ ತಿಂಗಳಲ್ಲಿ ಅವನಿಂದ ಏನೂ ಬರಲಿಲ್ಲ. "ಅವನಿಗೆ ಏನಾಯಿತೋ ಮಗಾ, ಒಂದು ಕಾಗದ ಬರೆ" ಎಂದು ಅಜ್ಜಿ ನಮ್ಮ ಜಗಲಿಯಲ್ಲಿ ಬಂದು ಕುಳಿತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಿಜ ತಿಳಿಯಲು ಎರಡು ತಿಂಗಳು ಹಿಡಿಯಿತು. ಅಂದಿನಿಂದ ನಮ್ಮ ತಂದೆಯವರ ಸಲಹೆಯಂತೆ, ಬರುವ ಹಣಕ್ಕೂ ಹೋಗುವ ಕಾಗದಕ್ಕೂ ಅಂಕೆ ಹಾಕುವ ಪದ್ಧತಿ ಮೊದಲಾಯಿತು. ಮುಂದೊಮ್ಮೆ ಅವನು ಚೀಟಿಯಲ್ಲಿ "ಇದು 14ನೆಯದೇ, ಇನ್ನೊಮ್ಮೆ" ಎಂದು ಬರೆದಿದ್ದ. ಅಜ್ಜಿ ಆ ಹಣವನ್ನು ಮುಟ್ಟದೆ ಡಬ್ಬಿಯಲ್ಲಿಟ್ಟರು.

ಈ ಕತೆಯಲ್ಲಿ ಇರುವಷ್ಟೂ ವಿದ್ಯೆ ನನ್ನ ಚಾವಡಿಯ ಪೆಟ್ಟಿಗೆಯಲ್ಲಿಯೂ ಇದೆ. ಚಿತ್ರವಾಗಲಿ ಬರಹವಾಗಲಿ, ಅದನ್ನು ಇಡಿಯಾಗಿ ಯಾರೂ ಗಾಳಿಗೆ ಬಿಡುವುದಿಲ್ಲ. ತುಂಡು ತುಂಡು ಮಾಡಿ ಕಳಿಸುತ್ತಾರೆ. ಒಂದೊಂದು ತುಂಡಿಗೆ ತಂತ್ರಜ್ಞರು ಫ್ರೇಮ್ ಎನ್ನುತ್ತಾರೆ. ನಾವು ಲಕೋಟೆ ಎನ್ನೋಣ. ಅದರ ಮೇಲೆ ಕಳಿಸಿದವರ ವಿಳಾಸ, ಪಡೆಯುವವರ ವಿಳಾಸ ಮತ್ತು ಒಂದು ಕ್ರಮಾಂಕ, ಒಳಗೆ ವಿಷಯ, ಕಟ್ಟಕಡೆಗೆ ಒಂದು ತಾಳೆಯ ಅಂಕೆ. ವೈ-ಫೈಯಲ್ಲಿ ಕ್ರಮಾಂಕ ಸೊನ್ನೆಯಿಂದ 4095ರ ವರೆಗೆ ಹೋಗಿ ಮತ್ತೆ ಸೊನ್ನೆಗೆ ಮರಳುತ್ತದೆ.

ಲಕೋಟೆ ಕಳೆಯಲು, ಕೆಡಲು ಕಾರಣಗಳು ಹಲವು. ದೂರ ಹೆಚ್ಚಿದಂತೆ ಅಲೆ ಬಡವಾಗುತ್ತದೆ. ಗೋಡೆ ಅದನ್ನು ಹೀರುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಅದೇ ಅಲೆಯ ಆಸುಪಾಸಿನಲ್ಲಿ ಗದ್ದಲ ಮಾಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಇಬ್ಬರು ಒಮ್ಮೆಗೇ ಮಾತನಾಡುವುದು. ತಂತಿಯಲ್ಲಾದರೆ ಕಳಿಸುವವನು ತನ್ನ ಮಾತು ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆದದ್ದನ್ನು ಆಗಲೇ ತಿಳಿಯಬಲ್ಲ. ಗಾಳಿಯಲ್ಲಿ ಅದು ಕಷ್ಟ. ಚೆಂಡೆ ಬಾರಿಸುತ್ತಿರುವವನಿಗೆ ಆಚೆ ಮನೆಯ ಪಿಸುಮಾತು ಕೇಳೀತೆ? ಕೂಗುವವನ ಕಿವಿ ತನ್ನ ಕೂಗಿನಿಂದಲೇ ಕಿವುಡಾಗಿರುತ್ತದೆ. ಆದುದರಿಂದ ತನ್ನ ಮಾತು ಕಳೆಯಿತೆಂದು ಅವನಿಗೆ ನೇರವಾಗಿ ತಿಳಿಯುವ ಬಗೆಯಿಲ್ಲ. ಆಚೆಯವನು ಹೇಳಬೇಕು.

ಆಚೆಯವನಿಗೆ ಹೇಗೆ ತಿಳಿಯಬೇಕು? ಇಲ್ಲಿ ನನ್ನ ಕಸುಬು ನೆರವಿಗೆ ಬರುತ್ತದೆ. ಓಲೆಗರಿಯ ಪ್ರತಿಯನ್ನು ಸಂಪಾದಿಸುವವನ ಮುಂದೆ ಒಂದು ಕಂದಪದ್ಯವಿದೆ ಎನ್ನಿ. ಅದರ ಮೊದಲ ಪಾದಕ್ಕೆ ಹನ್ನೆರಡು ಮಾತ್ರೆ, ಎರಡನೆಯದಕ್ಕೆ ಇಪ್ಪತ್ತು. ಒಟ್ಟು ಪದ್ಯಕ್ಕೆ ಅರುವತ್ತನಾಲ್ಕು. ಎಣಿಸಿದಾಗ ಹನ್ನೊಂದೇ ಸಿಕ್ಕಿದರೆ ಲಿಪಿಕಾರ ಒಂದು ಲಘುವನ್ನು ನುಂಗಿದ್ದಾನೆಂದು ಅರ್ಥ ತಿಳಿಯುವ ಮೊದಲೇ ಗೊತ್ತಾಗುತ್ತದೆ. ದ್ವಿತೀಯಾಕ್ಷರ ಪ್ರಾಸ ಕೆಟ್ಟಿದ್ದರೆ ಇನ್ನೊಂದು ಸಾಕ್ಷಿ. ಛಂದಸ್ಸನ್ನು ನಾವು ಕಿವಿಯ ಸೊಗಸೆಂದು ಕೊಂಡಾಡುತ್ತೇವೆ. ಸಂಪಾದಕನ ಪಾಲಿಗೆ ಅದು ಕಾವಲುಗಾರ.

ನಿಸ್ತಂತುವಿನಲ್ಲಿ ಕಳೆದದ್ದನ್ನು ತಾನಾಗಿ ಹಿಡಿಯುವ ಯಂತ್ರವನ್ನು 1940ರ ದಶಕದಲ್ಲಿ ರೂಪಿಸಿದ ಡಚ್ ಎಂಜಿನಿಯರ್ ವಾನ್ ಡ್ಯೂರೆನ್ ಮಾಡಿದ್ದು ಇದನ್ನೇ. ರೇಡಿಯೋ ಮೂಲಕ ಹೋಗುವ ತಾರಿನ ಒಂದೊಂದು ಅಕ್ಷರಕ್ಕೂ ಏಳು ಸಂಜ್ಞೆಗಳು. ಅವುಗಳಲ್ಲಿ ಒಂದು ಜಾತಿಯವು ಮೂರೇ ಇರಬೇಕು, ಇನ್ನೊಂದು ಜಾತಿಯವು ನಾಲ್ಕೇ. ಇಂತಹ ಜೋಡಣೆಗಳು ಒಟ್ಟು ಮೂವತ್ತೈದಾಗುತ್ತವೆ. ಬಂದ ಅಕ್ಷರದಲ್ಲಿ ಮೂರರ ಬದಲು ಎರಡೋ ನಾಲ್ಕೋ ಕಂಡರೆ ಯಂತ್ರವೇ ಮತ್ತೆ ಕಳಿಸು ಎಂದು ಬೇಡುತ್ತಿತ್ತು. ಇದು ಛಂದಸ್ಸಲ್ಲದೆ ಮತ್ತೇನು? ಛಂದಸ್ಸಿನ ಕುಂದೂ ಅದಕ್ಕಿತ್ತು. ಒಂದು ಲಘು ಬಿದ್ದು ಬೇರೊಂದು ಕಡೆ ಲಘುವೊಂದು ಸೇರಿದರೆ ಲೆಕ್ಕ ಸರಿಹೋಗುತ್ತದೆ, ತಪ್ಪು ಒಳನುಸುಳುತ್ತದೆ.

ಈಗಿನ ತಾಳೆ ಇದಕ್ಕಿಂತ ಬಿಗಿಯಾದದ್ದು. ಹಿಂದಿನ ಶಾನುಭೋಗರು ಕೂಡಿಕೆಯನ್ನು ಒಂಬತ್ತರಿಂದ ತಾಳೆ ನೋಡುತ್ತಿದ್ದುದು ಕೆಲವರಿಗಾದರೂ ನೆನಪಿದ್ದೀತು. 4372ನ್ನು ಒಂಬತ್ತರಿಂದ ಭಾಗಿಸಿದರೆ ಉಳಿಯುವುದು ಏಳು. ಅಂಕೆಯ ಜೊತೆಗೆ ಆ ಏಳನ್ನೂ ಬರೆದು ಕಳಿಸಿದರೆ, ಪಡೆದವನು ತಾನೂ ಭಾಗಿಸಿ ನೋಡಬಹುದು. ಆದರೆ ದಾರಿಯಲ್ಲಿ ಅದು 4732 ಆದರೂ ಉಳಿಯುವುದು ಏಳೇ; ಈ ಕಳ್ಳ ಸಿಕ್ಕಿಬೀಳುವುದಿಲ್ಲ. ಲಕೋಟೆಯ ಒಳಗಿರುವುದನ್ನೆಲ್ಲ ಒಂದು ಬಲುದೊಡ್ಡ ಸಂಖ್ಯೆಯೆಂದು ಬಗೆದು, ವಿಶೇಷ ಬಗೆಯ ಭಾಗಾಕಾರದಿಂದ ಮೂವತ್ತೆರಡು ದ್ವಿಮಾನ ಅಂಕೆಗಳ ಶೇಷವನ್ನು ತೆಗೆದು ಕೊನೆಗೆ ಅಂಟಿಸುವುದು ಇಂದಿನ ಕ್ರಮ. ಅಡ್ಡಾದಿಡ್ಡಿ ಕೆಟ್ಟ ಲಕೋಟೆಯೊಂದು ಈ ಕಾವಲನ್ನು ತಪ್ಪಿಸಿಕೊಳ್ಳುವ ಸಂಭವ ಸುಮಾರು 429 ಕೋಟಿಯಲ್ಲಿ ಒಂದು. ಈ ಬಗೆಯ ತಾಳೆಗೆ ಗಣಿತದ ತಳಹದಿ ಹಾಕಿದ ಪೀಟರ್ಸನ್ನರ ಪ್ರಬಂಧ ಬಂದದ್ದು 1961ರಲ್ಲಿ.

ತಾಳೆ ಕೂಡದಿದ್ದರೆ ಪಡೆದವನು ಏನು ಮಾಡುತ್ತಾನೆ? "ತಪ್ಪಾಗಿದೆ" ಎಂದು ಕೂಗಿ ಹೇಳುತ್ತಾನೆಂದು ನಾನು ಮೊದಲು ಊಹಿಸಿದ್ದೆ. ಹಾಗಲ್ಲ. ಅವನು ಸುಮ್ಮನಿರುತ್ತಾನೆ. ಕೆಟ್ಟ ಲಕೋಟೆಯಲ್ಲಿ ಕಳಿಸಿದವರ ವಿಳಾಸವೂ ಕೆಟ್ಟಿರಬಹುದಷ್ಟೆ. ಯಾರನ್ನು ಕುರಿತು ದೂರುವುದು? ತಾಳೆ ಕೂಡಿದರೆ ಮಾತ್ರ ಒಂದು ಚಿಕ್ಕ ರಸೀದಿ ಕಳಿಸುತ್ತಾನೆ, ಅದೂ ಸೆಕೆಂಡಿನ ಲಕ್ಷದಲ್ಲೊಂದು ಪಾಲು, ಇಲ್ಲವೆ ಅದಕ್ಕಿಂತ ತುಸು ಹೆಚ್ಚು ಹೊತ್ತು ಬಿಟ್ಟು. ಬೇರೆ ಯಾರೂ ನಡುವೆ ಬಾಯಿ ಹಾಕದಷ್ಟು ಕಿರಿದಾದ ಬಿಡುವು ಅದು. ಇತ್ತೀಚಿನ ಪೆಟ್ಟಿಗೆಗಳಲ್ಲಿ ಅರುವತ್ತನಾಲ್ಕು ಲಕೋಟೆಗಳಿಗೆ ಒಂದೇ ರಸೀದಿ ಬರೆದು, ಯಾವುದು ಬಂತು ಯಾವುದು ಬರಲಿಲ್ಲ ಎಂದು ಗುರುತು ಹಾಕುವ ಕ್ರಮವೂ ಇದೆ. ಕಂದಪದ್ಯದ ಮಾತ್ರೆಗಳೂ ಅಷ್ಟೇ ಎಂಬುದು ಕಾಕತಾಳೀಯ. ಆದರೂ ನನಗೆ ಅದರಿಂದ ಸಂತೋಷವಾಯಿತು.

ರಸೀದಿ ಬಾರದಿದ್ದರೆ ಕಳಿಸಿದವನ ಮುಂದಿರುವುದು ಬರಿಯ ಮೌನ. ಈ ಮೌನಕ್ಕೆ ಅರ್ಥ ಎರಡು: ಲಕೋಟೆ ಕಳೆದಿರಬಹುದು, ಇಲ್ಲವೆ ಲಕೋಟೆ ಮುಟ್ಟಿ ರಸೀದಿ ಕಳೆದಿರಬಹುದು. ಬೊಂಬಾಯಿಯ ಮಗನ ಕಡೆಯಿಂದ ನೋಡಿದರೆ ಎರಡಕ್ಕೂ ಎಳ್ಳಷ್ಟೂ ಭೇದವಿಲ್ಲ. ರಸೀದಿ ಮುಟ್ಟಿತೆಂಬುದಕ್ಕೆ ಮತ್ತೊಂದು ರಸೀದಿ ಇರಲೆಂದರೆ, ಅದು ಮುಟ್ಟಿದ್ದಕ್ಕೆ ಇನ್ನೊಂದು ಬೇಕು. ಈ ಸರಪಳಿಗೆ ಕೊನೆಯೆಂಬುದಿಲ್ಲ, ಪೂರ್ಣ ನಿಶ್ಚಯವೆಂಬುದು ಎಲ್ಲಿಯೂ ದೊರೆಯುವುದಿಲ್ಲ. ಆದುದರಿಂದ ಯಂತ್ರ ಒಂದೇ ನಿಯಮವನ್ನು ಹಿಡಿದಿದೆ: ಮೌನವೆಂದರೆ ಕಳೆದಂತೆಯೇ, ಮತ್ತೆ ಕಳಿಸು, ಹಳೆಯ ಕ್ರಮಾಂಕವನ್ನೇ ಇಟ್ಟು, "ಇದು ಇನ್ನೊಮ್ಮೆ" ಎಂಬ ಗುರುತು ಹಾಕಿ ಕಳಿಸು. ಪಡೆದವನ ಬಳಿ ಆ ಕ್ರಮಾಂಕದ ಲಕೋಟೆ ಆಗಲೇ ಇದ್ದರೆ, ಅವನು ರಸೀದಿಯನ್ನು ಮತ್ತೆ ಕಳಿಸಿ ಲಕೋಟೆಯನ್ನು ಬದಿಗಿಡುತ್ತಾನೆ. ಅಜ್ಜಿಯ ಡಬ್ಬಿ ನೆನಪಾಯಿತೆ?

ಮತ್ತೆ ಕಳಿಸುವುದರಲ್ಲಿಯೂ ಒಂದು ಜಾಣ್ಮೆ ಬೇಕು. 1971ರಲ್ಲಿ ಹವಾಯಿ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ನರ ತಂಡ ಕಡಲಾಚೆಯ ದ್ವೀಪಗಳ ಗಣಕಗಳನ್ನು ರೇಡಿಯೋ ಮೂಲಕ ಬೆಸೆದು ಅದಕ್ಕೆ ಅಲೋಹಾ ಎಂದು ಹೆಸರಿಟ್ಟಿತು. ಅಲ್ಲಿನವರ ನಮಸ್ಕಾರದ ಮಾತು ಅದು. ಎಲ್ಲರಿಗೂ ಹಂಚಿಕೊಂಡದ್ದು ಒಂದೇ ಅಲೆ; ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತನಾಡಬಹುದು. ಇಬ್ಬರ ಮಾತು ಡಿಕ್ಕಿಯಾಗಿ, ಇಬ್ಬರೂ ಒಂದೇ ಹೊತ್ತು ಕಾದು ಮತ್ತೆ ಆರಂಭಿಸಿದರೆ ಮತ್ತೆ ಡಿಕ್ಕಿಯೇ. ಬಾಗಿಲಲ್ಲಿ ಎದುರಾದ ಇಬ್ಬರು ಮರ್ಯಾದಸ್ಥರು "ನೀವು ಮೊದಲು" ಎಂದು ಒಟ್ಟಿಗೆ ಹಿಂದೆ ಸರಿದು, ಒಟ್ಟಿಗೆ ಮುಂದೆ ಬಂದಂತೆ. ಆದುದರಿಂದ ಒಬ್ಬೊಬ್ಬರೂ ಕವಡೆ ಹಾಕಿದಂತೆ ತಮಗೆ ಬಿದ್ದಷ್ಟು ಹೊತ್ತು ಕಾಯಬೇಕು. ವೈ-ಫೈ ಇದಕ್ಕೆ ಇನ್ನೊಂದನ್ನು ಸೇರಿಸಿತು: ಒಂದೊಂದು ಸೋಲಿಗೂ ಕಾಯುವ ಅವಧಿಯ ಮಿತಿ ಇಮ್ಮಡಿಸುತ್ತ ಹೋಗುತ್ತದೆ. ಹೀಗೆ ಸಾಮಾನ್ಯವಾಗಿ ಏಳು ಬಾರಿಯವರೆಗೆ ಯತ್ನಿಸಿ, ಮುಟ್ಟದಿದ್ದರೆ ಕೈಬಿಡುತ್ತದೆ. ಆಗ ಅದಕ್ಕಿಂತ ಮೇಲಿನ ಸ್ತರದ ವ್ಯವಸ್ಥೆಯೊಂದು ತುಂಡು ಕಾಣೆಯಾಯಿತೆಂದು ತಿಳಿದು ಮೊದಲಿನಿಂದ ಕಳಿಸುವುದುಂಟು. ನನ್ನ ಫೋನಿನ ಚಕ್ರ ತಿರುಗುವುದು ಈ ಹೊತ್ತಿನಲ್ಲಿಯೇ.

ಮಾತುಕತೆಗೆ ಮಾತ್ರ ಈ ಛಲ ಒಗ್ಗುವುದಿಲ್ಲ. ಭಾಗವತರ ಪದ ಮುಂದೆ ಸಾಗಿದ ಮೇಲೆ ತಪ್ಪಿದ ತಾಳವನ್ನು ಹಿಂತಿರುಗಿ ಹಾಕಿ ಏನು ಫಲ? ಫೋನಿನ ಸಂಭಾಷಣೆಯಲ್ಲಿ ಅತಿ ತಡವಾಗಿ ಬಂದ ತುಂಡನ್ನು ಎಸೆದುಬಿಡುತ್ತಾರೆ. ಎಲ್ಲರನ್ನೂ ಕುರಿತು ಒಮ್ಮೆಗೇ ಹೇಳುವ ಮಾತಿಗೆ ವೈ-ಫೈಯಲ್ಲಿಯೂ ರಸೀದಿಯಿಲ್ಲ. ಸಾವಿರ ಮಂದಿ ಒಟ್ಟಿಗೆ "ಮುಟ್ಟಿತು" ಎಂದರೆ ಆ ಗದ್ದಲವೇ ಬೇರೆ ಮಾತನ್ನು ಕೊಂದೀತು. ನಾನು ಈಗ ಇರುವುದು ಆ ಸ್ಥಿತಿಯಲ್ಲಿಯೇ. ನಮ್ಮ ವೇದಪಾಠಕರು ಪದ, ಕ್ರಮ, ಜಟೆ, ಘನ ಎಂದು ಪದಗಳನ್ನು ಹಿಂದುಮುಂದಾಗಿ ಹೆಣೆದು ಮತ್ತೆ ಮತ್ತೆ ಹೇಳಿದ್ದು ಮುಂದೆ ಕೇಳಲು ಗುರು ಇರುವುದಿಲ್ಲವೆಂಬ ಅರಿವಿನಿಂದ ಇರಬೇಕು. ಓಲೆಗರಿಯ ಸಂಪಾದಕನ ಸಂಕಟವೂ ಅದೇ. ಹನ್ನೆರಡನೆಯ ಮಾತ್ರೆ ಕಳೆದಿದೆಯೆಂದು ಅವನಿಗೆ ಗೊತ್ತು. ಇನ್ನೊಮ್ಮೆ ಹೇಳಿ ಎಂದು ಕೇಳಲು ಕವಿ ಇಲ್ಲ. ನಿಸ್ತಂತು ಯಂತ್ರಕ್ಕಿರುವ ದೊಡ್ಡ ಭಾಗ್ಯ ಅದರ ಕವಿ ಆಚೆ ತುದಿಯಲ್ಲಿ ಬದುಕಿರುವುದು.

ಎಲ್ಲೂರಿನಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ಹೋದರೆ ಕಡಲು. ಅಲ್ಲಿ ಈ ರಸೀದಿಯ ಬೆಲೆ ಬೇರೆಯೇ ಆಗುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಸಂಪರ್ಕ ಕಡಿದುಕೊಂಡಿತು. ಮಹಾರಾಷ್ಟ್ರದ ಕರಾವಳಿಯಾಚೆ ಕಡಲ ತಳದಲ್ಲಿ ಅದರ ಅವಶೇಷ ನೌಕಾಪಡೆಗೆ ದೊರೆತದ್ದು 2019ರ ಮೇ ತಿಂಗಳಲ್ಲಿ. ನಡುವಣ ಅಷ್ಟೂ ತಿಂಗಳು ಏಳು ಮನೆಗಳವರು ಕಾದದ್ದು ಒಂದು ಮೌನದ ಎದುರಿಗೆ. ಮಾತು ಕಳೆದಿದೆಯೋ, ಮಾತನಾಡುವವರೇ ಕಳೆದಿದ್ದಾರೋ ಹೇಳಬಲ್ಲವರು ದಡದಲ್ಲಿ ಯಾರೂ ಇರಲಿಲ್ಲ.

ಆಪತ್ತಿನಲ್ಲಿ ಸಿಲುಕಿದ ಬೋಟಿನಿಂದ ಉಪಗ್ರಹದ ಮೂಲಕ ಸುದ್ದಿ ಕಳಿಸುವ ಒಂದು ಉಪಕರಣವನ್ನು ಇಸ್ರೋ ರೂಪಿಸಿ 2010ರಿಂದ ಬಳಕೆಗೆ ತಂದಿತ್ತು. ಗುಂಡಿ ಒತ್ತಿದರೆ ಬೋಟು ಇರುವ ತಾಣ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಮುಟ್ಟಿ, ಅಲ್ಲಿಂದ ಕರಾವಳಿ ರಕ್ಷಣಾಪಡೆಗೆ ಹೋಗುತ್ತಿತ್ತು. ಆದರೆ ಆ ಉಪಕರಣ ದೀಪಸ್ತಂಭದ ಜಾತಿಯದು. ಗುಂಡಿ ಒತ್ತಿದವನಿಗೆ ತನ್ನ ಕೂಗು ಯಾರಿಗಾದರೂ ಕೇಳಿಸಿತೇ ಎಂಬುದು ತಿಳಿಯುತ್ತಿರಲಿಲ್ಲ. ನೀರು ನುಗ್ಗುತ್ತಿರುವ ಬೋಟಿನಲ್ಲಿ ನಿಂತು, ಇಲ್ಲಿಯೇ ಕಾಯುವುದೋ, ಮರದ ಹಲಗೆ ಹಿಡಿದು ನೀರಿಗೆ ಇಳಿಯುವುದೋ ಎಂದು ನಿರ್ಧರಿಸಬೇಕಾದವನಿಗೆ ಈ ಒಂದು ಸಂಗತಿ ತಿಳಿಯದಿರುವುದು ಸಣ್ಣ ಕೊರತೆಯಲ್ಲ. 2024ರಲ್ಲಿ ಇದರ ಎರಡನೆಯ ಪೀಳಿಗೆಯ ಉಪಕರಣ ಬಂತು. ಅದು ಕೂಗುತ್ತದೆ; ಜೊತೆಗೆ ಕೇಳಿಸಿಕೊಳ್ಳುತ್ತದೆ. ಬೆಂಗಳೂರಿಗೆ ಸುದ್ದಿ ಮುಟ್ಟಿದೊಡನೆ ಅಲ್ಲಿಂದ ಮರಳಿ ಕಡಲಿಗೆ ಒಂದು ಉತ್ತರ ಹೋಗುತ್ತದೆ. ಮೊಬೈಲಿಗೆ ಬೆಸೆದಿದ್ದರೆ, ಆ ಉತ್ತರವನ್ನು ಅವನು ತನ್ನ ಭಾಷೆಯಲ್ಲಿಯೇ ಓದಿಕೊಳ್ಳಬಹುದು.