ರೂಲ್‌ಬುಕ್ ಮುಚ್ಚಿಟ್ಟು ಆಟ ಆಡಿಸೋದು ಹೇಗೆ?

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿಸೋಕೆ ಹೊರಟವರೆಲ್ಲ ಮೊದಲು ಕೇಳೋ ಪ್ರಶ್ನೆ ಒಂದೇ: ಇಷ್ಟೊಂದು ರೂಲ್ಸ್ ತಲೇಲಿ ಇಟ್ಕೊಳ್ಳೋದು ಹೇಗೆ? ಈ ಸಲದ ವಿಡಿಯೋ ಅದರ ಬಗ್ಗೆ. ಲೋಕಲ್‌ನಲ್ಲಿ ನಿಂತ್ಕೊಂಡು ಓದೋದೇ ಅನುಕೂಲ ಅನ್ನೋವ್ರಿಗೆ ಅದರ ಬರಹ ರೂಪ ಇಲ್ಲಿದೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ತಾಳಮದ್ದಳೆ ಕೇಳಿದ್ದೀರಲ್ವಾ? ಅರ್ಥಧಾರಿಗಳ ಮಾತು ಆ ಕ್ಷಣಕ್ಕೆ ಹುಟ್ಟುತ್ತೆ, ಭಾಗವತರು ಮುಂದಿನ ಪದ ಎತ್ತಿದರೆ ಕಥೆ ಮುಂದಕ್ಕೆ ಹೋಗುತ್ತೆ. ಇಲ್ಲಿ ಆಟಗಾರರಿಗೆ ಒಂದೊಂದು ಪಾತ್ರ, ಗೇಮ್ ಮಾಸ್ಟರ್ ಕೂರೋದು ಭಾಗವತರ ಜಾಗದಲ್ಲಿ. ಆದರೆ ಕಥೆಯ ಕೊನೆ ಯಾರಿಗೂ ಗೊತ್ತಿರಲ್ಲ. ಪಾತ್ರ ಅಂದುಕೊಂಡ ಕೆಲಸ ಕೈಗೂಡಿತೋ ಇಲ್ಲವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ ಹೊರತಂದಾಗ ಇದು ಮೂರು ಸಣ್ಣ ಕಿರುಹೊತ್ತಿಗೆಗಳಷ್ಟೇ ಇತ್ತು. 2014ರ ಐದನೇ ಆವೃತ್ತಿಯಲ್ಲೂ ಮುಖ್ಯ ಪುಸ್ತಕ ಮೂರೇ, ಆದರೆ ಒಂದೊಂದೂ 300 ಪುಟ ದಾಟಿದೆ. ಅಷ್ಟನ್ನೂ ಬಾಯಿಪಾಠ ಮಾಡಿ ಮೇಜಿಗೆ ಬರಬೇಕು ಅಂದ್ಕೊಂಡವರು ಸಾಮಾನ್ಯವಾಗಿ ಮೇಜಿಗೆ ಬರೋದೇ ಇಲ್ಲ.

ನಮ್ಮ ಕಡೆ ಇನ್ನೊಂದು ಲೆಕ್ಕಾನೂ ಇದೆ. ಒಬ್ಬರು ಡೊಂಬಿವಲಿಯಿಂದ ಬರಬೇಕು, ಒಬ್ಬರು ಐರೋಲಿಯಿಂದ, ನಾನು ಇರೋದು ವರ್ತಕ ನಗರದಲ್ಲಿ. ಎಲ್ಲರಿಗೂ ರಜಾ ಅಂದ್ರೆ ಭಾನುವಾರ, ಸೆಂಟ್ರಲ್ ಲೈನ್‌ಗೆ ಮೆಗಾಬ್ಲಾಕ್ ಬೀಳೋದೂ ಭಾನುವಾರವೇ. ತಿಂಗಳಿಗೊಮ್ಮೆ ಮೂರು ಗಂಟೆ ಸಿಕ್ಕರೆ ಪುಣ್ಯ. ನಮ್ಮಲ್ಲಿ ಕೆಲವರಿಗೆ ಮನೆಯಾಚೆ ಬಾಯ್ತುಂಬ ಕನ್ನಡ ಮಾತಾಡೋ ಜಾಗವೂ ಅದೊಂದೇ. ಅದರಲ್ಲಿ ಅರ್ಧ ಗಂಟೆ ಪುಟ ತಿರುವೋದಕ್ಕೆ ಹೋದರೆ ಮುಂದಿನ ತಿಂಗಳು ಇಬ್ಬರು "ಸ್ವಲ್ಪ ಕೆಲಸ ಇದೆ" ಅಂತಾರೆ, ಅದರ ಮುಂದಿನ ತಿಂಗಳು ಆಟಾನೇ ಇರಲ್ಲ.

ಹಾಗಾದರೆ ತಲೇಲಿ ಇರಬೇಕಾದ್ದು ಎಷ್ಟು? ನನ್ನ ಪ್ರಕಾರ ಒಂದೇ ಸಾಲು: ದಾಳ ಹಾಕು, ಪಾತ್ರದ ಸಾಮರ್ಥ್ಯದ ಅಂಕ ಕೂಡಿಸು, ಗುರಿ ಮುಟ್ಟಿತಾ ನೋಡು. ಸುಲಭದ ಕೆಲಸಕ್ಕೆ ಗುರಿ 10, ಮಧ್ಯಮಕ್ಕೆ 15, ಕಷ್ಟಕ್ಕೆ 20. ಪರಿಸ್ಥಿತಿ ಅನುಕೂಲವಾಗಿದ್ದರೆ ಅಡ್ವಾಂಟೇಜ್, ಅಂದ್ರೆ ಎರಡು ದಾಳ ಹಾಕಿ ದೊಡ್ಡದನ್ನ ತಗೊಳ್ಳೋದು. ಪ್ರತಿಕೂಲವಾಗಿದ್ದರೆ ಚಿಕ್ಕದು. ಕತ್ತಲೆ, ಎತ್ತರ, ಗೆಳೆಯನ ಸಹಾಯ ಅಂತ ಒಂದೊಂದಕ್ಕೂ ಬೇರೆ ಬೇರೆ ಅಂಕ ಕೂಡಿಸಿ ಕಳೆಯೋ ಗೋಜು ಇದರಿಂದ ಬಹಳ ಮಟ್ಟಿಗೆ ತಪ್ಪುತ್ತೆ. ಲೆಕ್ಕದಲ್ಲೂ ಇದು ಚೆನ್ನಾಗಿ ಕೂರುತ್ತೆ. ದಾಳದಲ್ಲಿ 11 ಅಥವಾ ಹೆಚ್ಚು ಬೇಕಿದ್ದರೆ ಗೆಲ್ಲೋ ಸಾಧ್ಯತೆ 50%, ಅಡ್ವಾಂಟೇಜ್ ಸಿಕ್ಕರೆ 75%. 20 ಬಿದ್ದರೆ ಮಾತ್ರ ಗೆಲುವು ಅನ್ನೋ ಕಡೆ 5% ಇದ್ದದ್ದು 9.75% ಆಗುತ್ತೆ ಅಷ್ಟೇ. ಅಸಾಧ್ಯವಾದದ್ದು ಸುಲಭ ಆಗಿಬಿಡಲ್ಲ, ಸಾಧ್ಯವಾದದ್ದು ಖಚಿತಕ್ಕೆ ಹತ್ತಿರ ಬರುತ್ತೆ.

ಎರಡನೇದು, ಆಟಗಾರರು ರೂಲ್‌ನ ಹೆಸರು ಹೇಳೋದು ಬೇಡ. "ನಾನು ಗ್ರ್ಯಾಪಲ್ ಮಾಡ್ತೀನಿ" ಅನ್ನೋ ಬದಲು "ಅವನ ಸೊಂಟ ಹಿಡ್ಕೊಂಡು ಅಲ್ಲಾಡದ ಹಾಗೆ ಮಾಡ್ತೀನಿ" ಅನ್ನಲಿ. ಅದನ್ನ ರೂಲ್‌ಗೆ ಇಳಿಸೋದು ನಿಮ್ಮ ಕೆಲಸ. ಇದೇ ಹಿಡಿತಕ್ಕೆ 2003ರ 3.5 ಆವೃತ್ತಿಯಲ್ಲಿ ಏನೇನಿತ್ತು ನೋಡಿ: ಹಿಡಿಯೋಕೆ ಹೋದವನಿಗೆ ಎದುರಾಳಿಯಿಂದ ಮೊದಲು ಒಂದು ಏಟು ಬೀಳಬಹುದು, ಆಮೇಲೆ ಮುಟ್ಟೋದಕ್ಕೆ ಒಂದು ದಾಳ, ಆಮೇಲೆ ಇಬ್ಬರ ದಾಳಕ್ಕೂ ಮೈಗಾತ್ರದ ಅಂಕ ಸೇರಿಸಿ ಪೈಪೋಟಿ, ಕೊನೆಗೆ ಅವನಿರೋ ಜಾಗಕ್ಕೆ ಸರಿಯೋದು. 2014ರಲ್ಲಿ ಇಷ್ಟೂ ಸೇರಿ ಒಂದೇ ಪೈಪೋಟಿ: ನಿನ್ನ ಅಥ್ಲೆಟಿಕ್ಸ್, ಅವನ ಅಥ್ಲೆಟಿಕ್ಸ್ ಅಥವಾ ಅಕ್ರೊಬ್ಯಾಟಿಕ್ಸ್. ಕೋಡ್ ರಿಫ್ಯಾಕ್ಟರ್ ಮಾಡೋವ್ರಿಗೆ ಇದನ್ನ ಓದಿದ್ರೆ ಖುಷಿಯಾಗುತ್ತೆ.

ಇನ್ನು ಉಳಿದ ಹೊರೆ ಹಂಚಿಬಿಡಿ. ಮಂತ್ರವಾದಿಯ ಪಾತ್ರ ತಗೊಂಡವರು ತಮ್ಮ ಮಂತ್ರಗಳನ್ನ ಕಾರ್ಡ್‌ನಲ್ಲಿ ಬರ್ಕೊಂಡು ಬರಲಿ. ನೀವು ಓದ್ಕೊಂಡು ಬರಬೇಕಾದ್ದು ಆವತ್ತು ಬರೋ ಎರಡು ಮೂರು ರಾಕ್ಷಸರನ್ನ ಮಾತ್ರ. ಪ್ರತಿ ಗುಂಪಲ್ಲೂ ಒಬ್ಬರು ಇರ್ತಾರೆ, ಸೊಸೈಟಿ ಮೀಟಿಂಗಿಗೆ ಬೈಲಾ ಪುಸ್ತಕ ಹಿಡ್ಕೊಂಡು ಬರೋ ಅಂಕಲ್ ಥರ. ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಪುಸ್ತಕ ಅವರ ಕೈಗೇ ಕೊಡಿ. "ಒಂದು ನಿಮಿಷದಲ್ಲಿ ಹುಡುಕಿ, ಸಿಗದಿದ್ದರೆ ನಾನು ಹೇಳಿದ್ದು" ಅನ್ನಿ.

ಆ ಒಂದು ನಿಮಿಷಾನ ಗಂಭೀರವಾಗಿ ತಗೊಳ್ಳಿ. ಪ್ರೊಡಕ್ಷನ್ ಬಿದ್ದಾಗ ಮೊದಲು ರೋಲ್‌ಬ್ಯಾಕ್, ಮೂಲ ಕಾರಣ ಬೆಳಗ್ಗೆ, ಅಲ್ವಾ? ಇಲ್ಲೂ ಅಷ್ಟೇ. ಅನುಮಾನ ಇದ್ದರೆ ಆಟಗಾರರ ಪರವಾಗಿ ತೀರ್ಮಾನ ಕೊಟ್ಟು ನೋಟ್‌ಬುಕ್‌ನಲ್ಲಿ ಬರೆದಿಡಿ. ಮನೆಗೆ ಹೋದ ಮೇಲೆ ನಿಜವಾದ ರೂಲ್ ನೋಡಿ ವಾಟ್ಸಾಪ್ ಗ್ರೂಪಿಗೆ ಹಾಕಿ: "ಮುಂದಿನ ಸಲದಿಂದ ಹೀಗೆ, ಆಗಿಹೋದದ್ದು ಆಗಿಹೋಯಿತು."

ಇದಕ್ಕೆ ಒಂದು ಅಪವಾದ ಇದೆ, ಅಲ್ಲಿ ಅವಸರ ಬೇಡವೇ ಬೇಡ. ಪಾತ್ರದ ಪ್ರಾಣದ ಪ್ರಶ್ನೆ ಬಂದಾಗ ಆಟ ನಿಲ್ಲಿಸಿ, ಪುಸ್ತಕ ತೆಗೀರಿ. ಹಿಟ್ ಪಾಯಿಂಟ್ ಸೊನ್ನೆಗಿಳಿದ ಪಾತ್ರ ಪ್ರಜ್ಞೆ ತಪ್ಪಿ ಬೀಳುತ್ತೆ. ತನ್ನ ಸರದಿ ಬಂದಾಗೆಲ್ಲ ಅದು ದಾಳ ಹಾಕಬೇಕು. 10ಕ್ಕಿಂತ ಕಡಿಮೆ ಬಂದರೆ ಒಂದು ಸೋಲು, ಮೂರು ಸೋಲಾದರೆ ಸಾವು. ಈಗ ಒಂದು ಸೋಲು ಆಗಲೇ ಇದೆ, ಪಕ್ಕದಲ್ಲೇ ನಿಂತ ಗಾಬ್ಲಿನ್ ಬಿದ್ದವನ ಮೇಲೇ ಕತ್ತಿ ಬೀಸುತ್ತೆ, ಏಟು ತಾಗುತ್ತೆ. ಸೋಲು ಒಂದು ಕೂಡಿಸಬೇಕಾ, ಎರಡಾ? ಏಟು ಬಿದ್ದರೆ ಒಂದು ಸೋಲು ಅನ್ನೋದು ಸಾಮಾನ್ಯ ರೂಲ್. ಆದರೆ ಪ್ರಜ್ಞೆ ತಪ್ಪಿದವನಿಗೆ ಐದು ಅಡಿ ಒಳಗಿಂದ ತಾಗಿದ ಏಟು ತಾನಾಗೇ ಕ್ರಿಟಿಕಲ್, ಕ್ರಿಟಿಕಲ್ ಅಂದ್ರೆ ಎರಡು ಸೋಲು. ಇವೆರಡೂ ಒಂದೇ ಪುಟದಲ್ಲಿ ಇಲ್ಲ, ಕೂಡಿಸಿ ಓದಿದರೇ ಗೊತ್ತಾಗೋದು. ವರ್ಷಾನುಗಟ್ಟಲೆ ಆಡಿಕೊಂಡು ಬಂದ ಪಾತ್ರ ಅಂದಾಜಿನ ಮೇಲೆ ಸತ್ತರೆ ಆ ಆಟಗಾರ ನಿಮ್ಮನ್ನ ಮತ್ತೆ ನಂಬಲ್ಲ. ಹತ್ತು ನಿಮಿಷ ಹೋದರೂ ಪರವಾಗಿಲ್ಲ.

ಮೊದಲೇ ಮಾತಾಡ್ಕೊಳ್ಳೋ ಅಭ್ಯಾಸ ನಮಗೆ ಹೊಸದೇನಲ್ಲ. ಚೌಕಾಬಾರಕ್ಕೆ ಕೂರೋ ಮುಂಚೆ "ನಿಮ್ಮನೇಲಿ ಗಟ್ಟಿ ಇದೆಯಾ? ಕಾಯಿ ಹೊಡೀದೆ ಒಳಗಿನ ಮನೆಗೆ ಹೋಗಬಹುದಾ?" ಅಂತ ಕೇಳೇ ಕೇಳ್ತೀವಿ. ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಗಂಜೀಫಾ ಆಟಗಳಲ್ಲಿ ಚಾಮುಂಡೇಶ್ವರಿ ಛದಕ್ಕೆ 320 ಎಲೆ. ಅದನ್ನ ಆಡೋವ್ರನ್ನ ಇವತ್ತು ದೀಪ ಹಿಡಿದು ಹುಡುಕಬೇಕು. ಚೌಕಾಬಾರಕ್ಕೆ ನಾಲ್ಕು ಕವಡೆ, ಒಂದು ತುಂಡು ಸೀಮೆಸುಣ್ಣ ಸಾಕು.

ಪುಸ್ತಕಕ್ಕೆ ದುಡ್ಡು ಹಾಕೋ ಮುಂಚೆ ಒಂದು ವಿಷಯ. ಐದನೇ ಆವೃತ್ತಿಯ ಮೂಲ ನಿಯಮಗಳ ಎಸ್‌ಆರ್‌ಡಿ 5.1 ಅನ್ನೋ ಪಿಡಿಎಫ್ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಉಚಿತವಾಗಿ ಸಿಗುತ್ತೆ. ಸುಮಾರು 400 ಪುಟ ಇದೆ, ಎಲ್ಲಾ ಪ್ರಿಂಟ್ ಹಾಕಿಸಬೇಡಿ. ಕಾಂಬ್ಯಾಟ್ ಅಧ್ಯಾಯ, ಕಂಡಿಷನ್‌ಗಳ ಪಟ್ಟಿ, ಇವಿಷ್ಟು ಸಾಕು. ಸಾವಿನ ಆ ಎರಡೂ ರೂಲ್ ಅಲ್ಲೇ ಇವೆ, ಹೈಲೈಟರ್ ಹಾಕಿಡಿ.