ಅಡಿಕೆಯೋ ಅಡಕೆಯೋ? ಹುಡುಕುವವನ ಪದವೇ ಮುಖ್ಯ

ಕುಮಟಾ ತಾಲೂಕಿನ ಸಂತೆಗುಳಿಯ ಬೆಳೆಗಾರನೊಬ್ಬ ಚಾಲಿ ಅಡಿಕೆಯನ್ನು ನೇರವಾಗಿ ಮಾರಲು ಅಂತರಜಾಲ ತಾಣ ತೆರೆದನೆಂದಿರಲಿ. ಮುಖಪುಟದಲ್ಲಿ ‘ಉತ್ಕೃಷ್ಟ ಕೃಷಿ ಉತ್ಪನ್ನಗಳು’ ಎಂದು ಬರೆದರೆ ನೋಡಲು ಚೆಂದ. ಆದರೆ ಗೂಗಲ್‌ನಲ್ಲಿ ಹಾಗೆಂದು ಹುಡುಕುವ ಗಿರಾಕಿ ಸಿಗುವುದು ಕಷ್ಟ. ಆತನಿಗೆ ಬೇಕಾದದ್ದು ‘ಚಾಲಿ ಅಡಿಕೆ’, ‘ಕುಮಟಾ ಅಡಿಕೆ ದರ’. ಜನ ಟೈಪಿಸುವ ಇಂಥ ಪದಗಳನ್ನು ಪತ್ತೆ ಹಚ್ಚುವುದಕ್ಕೇ ಕೀವರ್ಡ್ ಸಂಶೋಧನೆ ಎಂದು ಹೆಸರು.

ಕನ್ನಡದಲ್ಲಿ ಈ ಕೆಲಸ ಇನ್ನಷ್ಟು ತೊಡಕಿನದು. ಅಡಿಕೆ, ಅಡಕೆ ಎರಡೂ ಬಳಕೆಯಲ್ಲಿವೆ. ದರ, ಧಾರಣೆ, ರೇಟ್ ಮೂರರ ಅರ್ಥವೂ ಒಂದೇ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪಿಸುವವರ ಕಾಗುಣಿತವೇ ಬೇರೆ: ಸಂತೆಗುಳಿಯ ‘ತೆ’ಗೆ ಒಬ್ಬರು ‘ಎಚ್’ ಸೇರಿಸಿದರೆ ಇನ್ನೊಬ್ಬರು ಬಿಡುತ್ತಾರೆ. ಯೂನಿಕೋಡ್ ಬಿಟ್ಟು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಪುಟವಂತೂ ಶೋಧಯಂತ್ರದ ಪಾಲಿಗೆ ಕನ್ನಡವೇ ಅಲ್ಲ. ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ.

ಪದಗಳನ್ನು ಅರಿಯುವುದೆಂತು? ಹುಡುಕುವಾಗ ಗೂಗಲ್ ತಾನಾಗಿ ಮುಂದಿಡುವ ಸಲಹೆಗಳನ್ನು ಗಮನಿಸಬಹುದು. 2006ರಲ್ಲಿ ಆರಂಭವಾದ ಗೂಗಲ್ ಟ್ರೆಂಡ್ಸ್ ಪದಗಳ ಜನಪ್ರಿಯತೆಯನ್ನು ಹೋಲಿಸುತ್ತದೆ. ವಿರಳವಾಗಿ ಹುಡುಕುವ ಪದಕ್ಕೆ ಮಾತ್ರ ಅದು ಏನನ್ನೂ ತೋರಿಸದು. ಯಾವ ಪದಕ್ಕೆ ತಾಣ ಕಾಣಿಸಿಕೊಂಡಿತೆಂಬುದನ್ನು ಸರ್ಚ್ ಕನ್ಸೋಲ್ ತಿಳಿಸುತ್ತದೆ. ಇವೆಲ್ಲಕ್ಕಿಂತ, ಫೋನ್ ಮಾಡುವ ಗಿರಾಕಿಯ ಮಾತುಗಳನ್ನು ಬರೆದಿಟ್ಟುಕೊಳ್ಳುವುದು ಮೇಲು.

ಸಿಕ್ಕ ಪದಗಳನ್ನೆಲ್ಲ ಪುಟದಲ್ಲಿ ಅಡಗಿಸಿ ತುಂಬುವ ಚಾಳಿ ವ್ಯರ್ಥ. ಕೀವರ್ಡ್ ಮೆಟಾ ಟ್ಯಾಗನ್ನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ಸ್ಪಷ್ಟಪಡಿಸಿದೆ. ಪದವು ಶೀರ್ಷಿಕೆಯಲ್ಲೂ ಬರಹದಲ್ಲೂ ಸಹಜವಾಗಿ ಬರಬೇಕು; ಚಾಲಿ ದರ ಹುಡುಕಿ ಬಂದವನಿಗೆ ಆ ದಿನದ ದರ ಪುಟದ ಮೇಲ್ಭಾಗದಲ್ಲೇ ಕಾಣಬೇಕು.