ಕಲ್ಯಾಣಿಯ ಹಾಡು, ಮೊಬೈಲಿನ ಡೊಳ್ಳು

ಹಳೇಬೀಡಿನ ಸಮೀಪ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ. ಸುತ್ತಲೂ ಕಲ್ಲಿನ ಮೆಟ್ಟಿಲು, ನಡುನಡುವೆ ಪುಟ್ಟ ಗುಡಿಗಳು. ಇಂಥ ತಗ್ಗಿನಲ್ಲಿ ಯಾರಾದರೂ ಹಾಡಿದರೆ, ನೇರ ಬಂದ ದನಿಯ ಬೆನ್ನಿಗೇ ಕಲ್ಲಿಗೆ ಬಡಿದು ಮರಳಿದ ದನಿಗಳೂ ಕಿವಿ ಸೇರುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 5 ಮೀಟರ್ ಆಚೆಯ ಕಲ್ಲಿಗೆ ಹೋಗಿ ಬರಲು 30 ಮಿಲಿಸೆಕೆಂಡ್ ಸಾಕು. ಇಷ್ಟು ಬೇಗ ಮರಳಿದ್ದನ್ನು ಮಿದುಳು ಪ್ರತಿಧ್ವನಿಯೆಂದು ಬೇರ್ಪಡಿಸದೆ ಮೂಲ ದನಿಗೇ ಕೂಡಿಸಿಕೊಳ್ಳುತ್ತದೆ. ಹಾಡು ತುಂಬಿ ಬಂದಂತೆ ಕೇಳುವುದು ಇದರಿಂದ. ದನಿ ಯಾವ ಕಡೆಯದೆಂಬ ತೀರ್ಮಾನಕ್ಕೆ ಮಾತ್ರ ಮೊದಲು ಬಂದ ಅಲೆಯನ್ನೇ ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ವಿವರವಾಗಿ ಅಳೆದು ತೋರಿಸಿದರು.

ದಿಕ್ಕಿನ ಈ ತೀರ್ಮಾನಕ್ಕೆ ಎರಡು ಕಿವಿ ಬೇಕು. ಪಕ್ಕದಿಂದ ಬಂದ ದನಿ ಒಂದು ಕಿವಿಗಿಂತ ಇನ್ನೊಂದಕ್ಕೆ ಹೆಚ್ಚೆಂದರೆ 0.7 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ; ದಿಕ್ಕು ತಿಳಿಯಲು ಮಿದುಳಿಗೆ ಅಷ್ಟು ಅಂತರವೂ ಒದಗುತ್ತದೆ. ಆ ಹಾಡನ್ನು ಒಂಟಿ ಮೈಕಿನಲ್ಲಿ ಮುದ್ರಿಸುವುದು ಜಾತ್ರೆಯ ತೇರನ್ನು ಗೋಡೆಯ ಕಿಂಡಿಯಿಂದ ನೋಡಿದ ಹಾಗೆ: ಕಾಣುವುದೆಲ್ಲ ನಿಜವೇ, ಆದರೆ ಅಕ್ಕಪಕ್ಕ ಎಂಬುದಿಲ್ಲ. ಹಾಡು, ಕಲ್ಲಿನ ಮಾರ್ದನಿ ಎರಡೂ ಒಂದೇ ಸ್ಪೀಕರ್‌ನಿಂದ, ಒಂದೇ ದಿಕ್ಕಿನಿಂದ ಹೊರಬೀಳುತ್ತವೆ. ಧ್ವನಿಮುದ್ರಣದಲ್ಲಿ ಹಾಡು ಕೊಡದೊಳಗಿಂದ ಬಂದಂತೆ ಕೇಳುವುದಕ್ಕೆ ಕಾರಣ ಇದು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲೇ ಕ್ಲೆಮೆಂಟ್ ಅದೆರ್ ಒಪೇರಾ ರಂಗಮಂದಿರದ ಸಂಗೀತವನ್ನು ಒಂದೊಂದು ಕಿವಿಗೂ ಒಂದೊಂದು ಟೆಲಿಫೋನಿನಲ್ಲಿ ಕೇಳಿಸಿದ್ದ. ಹಾಗಿದ್ದೂ ಎರಡು ಕಿವಿಗೆಂದು ಮಾಡಿದ ಮುದ್ರಿಕೆಗಳು ಮನೆಮನೆಗೆ ಬರಲು ದಶಕಗಳೇ ಹಿಡಿದವು.

ಡೊಳ್ಳಿನದು ಬೇರೆ ಪಾಡು. ಅದರ ತಳದ ಸದ್ದು ಬಹಳ ತಗ್ಗಿನ ಆವರ್ತನದ್ದು. 100 ಹರ್ಟ್ಸ್‌ನ ಅಲೆಯೊಂದರ ಉದ್ದವೇ 3.4 ಮೀಟರ್. ಬೆರಳ ತುದಿಯಷ್ಟಿರುವ ಮೊಬೈಲ್ ಸ್ಪೀಕರ್‌ ಅಷ್ಟು ಗಾಳಿಯನ್ನು ನೂಕಲಾರದು. ಆದರೂ ಅದು ಡೊಳ್ಳೆಂದು ಗುರುತು ಸಿಗುತ್ತದೆ, ಏಕೆಂದರೆ ಮೇಲಿನ ಆವರ್ತನಗಳ ಸುಳಿವು ಹಿಡಿದು ಕಾಣೆಯಾದದ್ದನ್ನು ಮಿದುಳು ಊಹಿಸಿಕೊಳ್ಳುತ್ತದೆ. ಹಳೆಯ ಟೆಲಿಫೋನ್ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಸಾಗಿಸದಿದ್ದರೂ ಗಂಡಸಿನ ದನಿ ಗಂಡಸಿನದೇ ಆಗಿ ಕೇಳುತ್ತಿದ್ದುದು ಹೀಗೆಯೇ. ಎದೆಗೆ ಬಡಿಯುವ ಗುದ್ದನ್ನು ಮಾತ್ರ ಯಾವ ಊಹೆಯೂ ತಂದುಕೊಡದು.

ಡಿಜಿಟಲ್ ಮಾಡಿದರೆ ಶಬ್ದ ತುಂಡುತುಂಡಾಗುತ್ತದೆಂಬ ದೂರು ಹಳೆಯದು, ಹುರುಳಿಲ್ಲದ್ದು. ಸೆಕೆಂಡಿಗೆ 44,100 ಮಾದರಿ ತೆಗೆಯುವ ಸಿ.ಡಿ. ಸುಮಾರು 22,000 ಹರ್ಟ್ಸ್‌ವರೆಗಿನ ಶಬ್ದವನ್ನು ಹಿಡಿದಿಡಬಲ್ಲದು. ಎಳೆಯರ ಕಿವಿಯ ಮಿತಿಯೂ 20,000, ವಯಸ್ಸಾದಂತೆ ಅದೂ ಇಳಿಯುತ್ತದೆ. ಇದಕ್ಕೂ ಹೆಚ್ಚು ಮಾದರಿ ತೆಗೆದ ‘ಹೈ-ರೆಸ್’ ಫೈಲ್‌ಗೆ ಸುರಿಯುವ ದುಡ್ಡನ್ನು ಒಳ್ಳೆಯ ಸ್ಪೀಕರ್‌ಗೆ ಹಾಕುವುದು ಮೇಲು.